ಕಿಟಕಿ ಮುಚ್ಚಿಸುವ ಸುದ್ದಿ

1995ರ ಜುಲೈ 13ರಂದು ಷಿಕಾಗೊದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 41 ಡಿಗ್ರಿ. ರಾಯಚೂರಿನವರು ಇದನ್ನು ಓದಿ ‘ಇಷ್ಟೇನಾ’ ಅನ್ನಬಹುದು. ಆದರೆ ಅದು ಒಣ ಬಿಸಿಲಲ್ಲ, ಮೈಮೇಲಿನ ಬೆವರು ಆರದಂಥ ಧಗೆ. ಇಟ್ಟಿಗೆ ಕಟ್ಟಡಗಳ ಮೇಲಂತಸ್ತಿನ ಕೋಣೆಗಳು ರಾತ್ರಿಯಾದರೂ ತಣಿಯಲಿಲ್ಲ. ಒಂದೇ ವಾರದಲ್ಲಿ, ಮಾಮೂಲಿ ಸಾವುಗಳ ಮೇಲೆ ಇನ್ನೂ 739 ಜನ ತೀರಿಕೊಂಡರು. ಕೌಂಟಿಯ ಶವಾಗಾರದಲ್ಲಿ ಜಾಗ ಸಾಲದೆ ಹೊರಗೆ ತಂಪುಪೆಟ್ಟಿಗೆಯ ಲಾರಿಗಳನ್ನು ತಂದು ನಿಲ್ಲಿಸಿದರು. ದೇಶವೆಲ್ಲ ಟಿ.ವಿಯಲ್ಲಿ ನೋಡಿದ್ದು ಆ ಲಾರಿಗಳನ್ನೇ. ಸತ್ತವರ ಲೆಕ್ಕದ ಬಗ್ಗೆ ಮೇಯರ್ ರಿಚರ್ಡ್ ಡೇಲಿ ಎತ್ತಿದ ತಕರಾರು ಅದರ ಮೇಲೊಂದು ಒಗ್ಗರಣೆ.

ಸತ್ತವರಲ್ಲಿ ಬಹುಪಾಲು ಒಂಟಿಯಾಗಿದ್ದ ಮುದುಕರು. ಷಿಕಾಗೊದಲ್ಲೇ ಹುಟ್ಟಿಬೆಳೆದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ಸಾವುಗಳ ಬೆನ್ನುಹತ್ತಿ 2002ರಲ್ಲಿ ‘ಹೀಟ್ ವೇವ್’ ಎಂಬ ಪುಸ್ತಕ ಬರೆದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಒಂದೇ. ಅಂಥ ಧಗೆಯಲ್ಲೂ ಎಷ್ಟೋ ಮನೆಗಳ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ್ದವು. ಕಾರಣ, ಕಳ್ಳರ ಭಯ. ಬೀದಿಗಿಳಿದರೆ ಅಪಾಯ ಎಂಬುದು ಆ ಹಿರಿಯರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಬೀದಿ ನಿಜಕ್ಕೂ ಅಪಾಯದ್ದಾಗಿದ್ದ ಬಡಾವಣೆಗಳೂ ಇದ್ದವು, ಆ ಭಯ ಬರೀ ಭ್ರಮೆಯಲ್ಲ. ಆದರೂ ವರ್ಷಗಟ್ಟಲೆ ಸಂಜೆಯ ವಾರ್ತೆ ಕೊಲೆ ಸುಲಿಗೆಯಿಂದಲೇ ಶುರುವಾಗುತ್ತಿದ್ದರೆ, ಕಿಟಕಿಯ ಚಿಲಕಕ್ಕೆ ಆ ವಾರ್ತೆಯೂ ಒಂದು ಕೈ ಹಾಕಿದೆ ಎಂದೇ ನನ್ನ ಲೆಕ್ಕ. ಹವಾಮಾನ ಇಲಾಖೆಯ ಮುನ್ಸೂಚನೆ ಮೊದಲೇ ಬಂದಿತ್ತು. ನಗರಾಡಳಿತದ ಕಡತದಲ್ಲಿ ಧಗೆಗೆಂದೇ ಒಂದು ತುರ್ತು ಯೋಜನೆಯೂ ಇತ್ತು, ಅದನ್ನು ತೆರೆದದ್ದು ತಡವಾಗಿ. ಎ.ಸಿ. ಇರುವ ಜಾಗಕ್ಕೆ ಸ್ವಲ್ಪ ಹೊತ್ತು ಹೋಗಿ ಕೂತು ಬನ್ನಿ, ಪಕ್ಕದ ಮನೆಯ ಮುದುಕಿಯ ಬಾಗಿಲು ತಟ್ಟಿ ನೋಡಿ: ಜೀವ ಉಳಿಸುತ್ತಿದ್ದ ಮಾತು ಇಷ್ಟೇ. ಇದನ್ನು ಮುಖಪುಟದ ತಲೆಬರಹ ಮಾಡಲು ಯಾವ ಸಂಪಾದಕನಿಗೆ ಮನಸ್ಸು ಬಂದೀತು?

ಸಂಪಾದಕರನ್ನು ಬೈದು ಮುಗಿಸುವ ಹಾಗೂ ಇಲ್ಲ. ಡೆಟ್ರಾಯಿಟ್ ಪಕ್ಕದ ಆ್ಯನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯವಿದೆ. ಅಲ್ಲಿದ್ದ ಸ್ಟುವರ್ಟ್ ಸೊರೋಕಾ ಮತ್ತು ಸಂಗಡಿಗರು ಭಾರತವೂ ಸೇರಿದಂತೆ 17 ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿ, ಬೆರಳಿಗೆ ಸೆನ್ಸರ್ ಕಟ್ಟಿ, ಬಿಬಿಸಿ ಸುದ್ದಿ ತೋರಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಟ್ಟಾರೆ ನೋಡಿದರೆ ಕೆಟ್ಟ ಸುದ್ದಿಗೆ ಬೆರಳು ಹೆಚ್ಚು ಬೆವರಿತು, ಎದೆಬಡಿತ ಹೆಚ್ಚು ಏರುಪೇರಾಯಿತು. ಬುದ್ಧಿ ಮುಂದೆ ಬರುವ ಮೊದಲೇ ಮೈ ಉತ್ತರ ಕೊಟ್ಟಾಗಿರುತ್ತದೆ. ಹುಲ್ಲಿನಲ್ಲಿ ಸರಕ್ ಎಂದರೆ ಹಾವೋ ಹಗ್ಗವೋ ಎಂದು ಯೋಚಿಸದೆ ಹಾರುವ ಕಾಲು ನಮಗೆ ವಂಶದಿಂದ ಬಂದದ್ದು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಜನರಿಂದ ಜನರಿಗೆ ವ್ಯತ್ಯಾಸ ಬಹಳ, ಕೆಟ್ಟ ಸುದ್ದಿಯೊಂದೇ ಎಲ್ಲರನ್ನೂ ಎಳೆಯುವುದಿಲ್ಲ. ಸುದ್ದಿಮನೆಗಳು ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿವೆ.

ಬೆಚ್ಚಿಬೀಳಿಸುವ ಸುದ್ದಿಗೆ ಇನ್ನೊಂದು ಅನುಕೂಲವಿದೆ. ಅದು ಎಲ್ಲರಿಗೂ ಒಗ್ಗುತ್ತದೆ, ಯಾರಿಂದಲೂ ಏನನ್ನೂ ಬೇಡುವುದಿಲ್ಲ. ಉಪಯೋಗದ ಮಾಹಿತಿ ಹಾಗಲ್ಲ. ಅದಕ್ಕೆ ನಿಮ್ಮ ಬೀದಿ, ನಿಮ್ಮ ಮನೆ ನಂಬರು, ನಿಮ್ಮ ವರಮಾನ ಗೊತ್ತಿರಬೇಕು. ಓದಿದ ಮೇಲೆ ಎದ್ದು ಒಂದು ಅರ್ಜಿ ತುಂಬಬೇಕು, ಕ್ಯೂ ನಿಲ್ಲಬೇಕು.

ಡೆಟ್ರಾಯಿಟ್‌ನಲ್ಲಿ ಇಂಥ ಮಾಹಿತಿ ಮನೆಮಠದ ಪ್ರಶ್ನೆಯೇ ಆಯಿತು. 2013ರ ಜುಲೈ 18ರಂದು ಆ ನಗರ ಸುಮಾರು 1800 ಕೋಟಿ ಡಾಲರ್ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅಲ್ಲಿಗೆ ಓಡಿದವು. ಗಾಜೊಡೆದು ನಿಂತ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣದ ಫೋಟೊ ನೋಡದವರೇ ಇಲ್ಲ. (ಫೋರ್ಡ್ ಕಂಪನಿ ಅದನ್ನು ದುರಸ್ತಿ ಮಾಡಿ 2024ರಲ್ಲಿ ಮತ್ತೆ ತೆರೆಯಿತು. ಆ ಫೋಟೊವನ್ನು ಎಷ್ಟು ಜನ ನೋಡಿದ್ದೀರಿ?) ಅದೇ ವರ್ಷಗಳಲ್ಲಿ ಮೂರು ವರ್ಷ ಆಸ್ತಿ ತೆರಿಗೆ ಬಾಕಿಯಾದ ಮನೆಗಳನ್ನು ಡೆಟ್ರಾಯಿಟ್ ಸೇರಿರುವ ವೇಯ್ನ್ ಕೌಂಟಿ ಹರಾಜಿಗಿಡುತ್ತಿತ್ತು, ಎರಡನೇ ಸುತ್ತಿನಲ್ಲಿ 500 ಡಾಲರ್‌ನಿಂದ ಸವಾಲು ಶುರು. ಬಡ ಮನೆಮಾಲೀಕರಿಗೆ ಈ ತೆರಿಗೆಯಿಂದ ವಿನಾಯಿತಿ ಕೊಡಲು ಮಿಷಿಗನ್ ಕಾನೂನಿನಲ್ಲೇ ಅವಕಾಶವಿತ್ತು. ಬೇಕಿದ್ದದ್ದು ಒಂದು ಅರ್ಜಿ. ಅಂಥದ್ದೊಂದು ಇದೆಯೆಂದು ಬಹಳ ಮಂದಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಅದನ್ನು ಪಡೆಯುವ ದಾರಿ ಸಲೀಸಾಗಿರಲಿಲ್ಲ. ವಿನಾಯಿತಿಗೆ ಅರ್ಹರಾದವರೇ ತೆರಿಗೆ ಬಾಕಿಯೆಂದು ಮನೆ ಕಳೆದುಕೊಳ್ಳುತ್ತಿದ್ದಾರೆ ಎಂದು 2016ರಲ್ಲಿ ದಾವೆ ಹೂಡಬೇಕಾಯಿತು. 2018ರಲ್ಲಿ ರಾಜಿಯಾಗಿ, ನಗರಾಡಳಿತ ಅರ್ಜಿಯ ಕ್ರಮ ಸರಳ ಮಾಡಲು ಒಪ್ಪಿತು. ಪಾಳುಬಿದ್ದ ನಿಲ್ದಾಣದ ಮುಂದೆ ಈ ಅರ್ಜಿಯ ಚಿತ್ರ ಯಾರ ಕಣ್ಣಿಗೆ ಬೀಳಬೇಕು!

2016ರಲ್ಲೇ ಸಾರಾ ಅಲ್ವಾರೆಜ್ ಎಂಬ ಪತ್ರಕರ್ತೆ ಅಲ್ಲಿ ‘ಔಟ್‌ಲಯರ್ ಮೀಡಿಯಾ’ ಶುರು ಮಾಡಿದರು. ಅದಕ್ಕೆ ಮೊದಲಿಗೆ ಮುಖಪುಟವೂ ಇಲ್ಲ, ತಲೆಬರಹವೂ ಇಲ್ಲ, ಇದ್ದದ್ದು ಮೊಬೈಲ್ ಎಸ್ಎಂಎಸ್. ನಿಮ್ಮ ಮನೆಯ ವಿಳಾಸ ಕಳಿಸಿದರೆ, ಆ ಮನೆ ಯಾರ ಹೆಸರಿನಲ್ಲಿದೆ, ತೆರಿಗೆ ಬಾಕಿ ಎಷ್ಟು ಎಂಬ ಉತ್ತರ ಬರುತ್ತಿತ್ತು. ಬಾಡಿಗೆದಾರನಿಗೆ ಇದು ಸಣ್ಣ ಮಾತಲ್ಲ. ತಾನು ತಿಂಗಳು ತಪ್ಪದೆ ಬಾಡಿಗೆ ಕೊಡುತ್ತಿರುವ ಮನೆ, ಮಾಲೀಕ ತೆರಿಗೆ ಕಟ್ಟದ ತಪ್ಪಿಗೆ ಹರಾಜಿನ ಪಟ್ಟಿಯಲ್ಲಿದೆಯೇ ಎಂದು ಅವನು ಕೂತಲ್ಲೇ ತಿಳಿಯಬಹುದಿತ್ತು. ಇನ್ನೂ ಪ್ರಶ್ನೆ ಇದ್ದರೆ ಪತ್ರಕರ್ತರೇ ಉತ್ತರಿಸುತ್ತಿದ್ದರು. ಷಿಕಾಗೊದ ‘ಸಿಟಿ ಬ್ಯೂರೊ’ ಇನ್ನೊಂದು ದಾರಿ ಹಿಡಿಯಿತು. ಯಾವ ವರದಿಗಾರನೂ ಕಾಲಿಡದ ಸಮಿತಿ ಸಭೆಗಳಿಗೆ ಊರಿನವರನ್ನೇ ತರಬೇತಿ ಕೊಟ್ಟು, ಕೈಗೆ ದುಡ್ಡೂ ಕೊಟ್ಟು, ಟಿಪ್ಪಣಿ ಮಾಡಲು ಕಳಿಸುತ್ತದೆ. ಈ ಪದ್ಧತಿ ಈಗ ಡೆಟ್ರಾಯಿಟ್‌ಗೂ ಬಂದಿದೆ.

ಜನರಿಗೆ ಉಪಯೋಗದ ಸುದ್ದಿ ಬೇಡ ಎನ್ನುವವರು ಮಲೆನಾಡಿನ ಒಂದು ಬೆಳಗನ್ನು ನೋಡಬೇಕು. ಶಿರಸಿ, ಸಾಗರ, ಯಲ್ಲಾಪುರದ ಕಡೆ ಪೇಪರ್ ಬಂದ ಕೂಡಲೇ ಎಷ್ಟೋ ಜಗಲಿಗಳಲ್ಲಿ ಮೊದಲು ತಿರುವಿಹಾಕುವುದು ಅಡಿಕೆ ಧಾರಣೆಯ ಪುಟವನ್ನು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಚಾಲಿ ಎಷ್ಟು. ಬರೀ ಅಂಕಿಗಳ ಸಾಲು, ಓದಲು ರುಚಿಯೇ ಇಲ್ಲ. ಆದರೆ ಅಟ್ಟದ ಮೇಲಿನ ಮೂಟೆ ಇವತ್ತು ಇಳಿಸುವುದೋ ಬೇಡವೋ ಎಂಬುದು ಅದರಲ್ಲಿದೆ. ಮುಖಪುಟದ ಭಾರಿ ಅವಘಡ ಎರಡನೇ ಕಾಫಿಯ ತನಕ ಕಾಯುತ್ತದೆ. ಅಲ್ವಾರೆಜ್ ಡೆಟ್ರಾಯಿಟ್‌ನಲ್ಲಿ ಕಂಡುಕೊಂಡದ್ದೂ ಇದನ್ನೇ.

ಕಡಲಾಚೆಗೆ ಹೋದ ನಮ್ಮವರ ಸಂಗತಿ ಬೇರೆ. ಷಿಕಾಗೊದಲ್ಲಿ ಎಲ್ಲೋ ಗುಂಡು ಹಾರಿದ ಸುದ್ದಿ ಟಿ.ವಿಯಲ್ಲಿ ಓಡಿದರೆ, ಅಲ್ಲಿಂದ ಹತ್ತಿರಹತ್ತಿರ 50 ಕಿಲೊಮೀಟರ್ ದೂರದ ನೇಪರ್‌ವಿಲ್‌ನಲ್ಲಿರುವ ಮಗನಿಗೆ ದಾವಣಗೆರೆಯಿಂದ ಫೋನು: ‘ಹುಷಾರಾಗಿದ್ದೀಯೇನೋ? ಹೊರಗೆ ಹೋಗಬೇಡ ಮಾರಾಯ.’ ಮಳೆಗಾಲದಲ್ಲಿ ಲೆಕ್ಕ ತಿರುಗುಮುರುಗು. ‘ಬೆಂಗಳೂರು ಮುಳುಗಿತು’ ಎಂಬ ವಿಡಿಯೊ ನೋಡಿ ಡೆಟ್ರಾಯಿಟ್ ಬಳಿಯ ಟ್ರಾಯ್‌ನ ಮಗಳು ಬಸವನಗುಡಿಯ ಅಪ್ಪನನ್ನು ಮಧ್ಯರಾತ್ರಿ ಎಬ್ಬಿಸುತ್ತಾಳೆ. ಅಪ್ಪ ದಿಂಡಿನ ಮೇಲೆ ಒರಗಿ, ಇಲ್ಲಿ ನೀರೇ ಬಂದಿಲ್ಲವಲ್ಲಮ್ಮ, ನಲ್ಲಿಯಲ್ಲೂ ಬಂದಿಲ್ಲ ಅನ್ನುತ್ತಾನೆ. ಪ್ರೀತಿಯ ಫೋನು, ತಪ್ಪೆನ್ನಲಾರೆ. ಆದರೆ ಬೇಸ್‌ಮೆಂಟಿನ ಕಾರ್ಬನ್ ಮಾನಾಕ್ಸೈಡ್ ಅಲಾರಾಮಿಗೆ ಬ್ಯಾಟರಿ ಹಾಕಿದ್ದೀಯಾ ಎಂದು ದಾವಣಗೆರೆಯವರು ಕೇಳುವುದಿಲ್ಲ, ಬಿ.ಪಿ. ಮಾತ್ರೆ ಮುಗಿಯಿತೇ ಎಂದು ಟ್ರಾಯ್‌ನವರು ಆ ರಾತ್ರಿ ಕೇಳುವುದಿಲ್ಲ.

1999ರ ಜುಲೈ ಕೊನೆಯಲ್ಲಿ ಷಿಕಾಗೊಗೆ ಮತ್ತೆ ಅಂಥದೇ ಧಗೆ ಬಂತು. ಈ ಸಲ ನಗರ ತಂಪು ಕೇಂದ್ರಗಳನ್ನು ತೆರೆಯಿತು, ಒಂಟಿ ಹಿರಿಯರ ಮನೆಗೆ ಫೋನ್ ಮಾಡಿಸಿತು, ಪೊಲೀಸರನ್ನು ಬಾಗಿಲಿಗೆ ಕಳಿಸಿತು. ಸತ್ತವರು ಸುಮಾರು 110. ಅದೂ ಕಡಿಮೆಯಲ್ಲ, ಆದರೆ 739 ಅಲ್ಲ. ತಟ್ಟಿದ ಬಾಗಿಲ ಹಿಂದೆ ಬದುಕುಳಿದ ಮುದುಕಿಯ ಸುದ್ದಿ ಯಾವ ಟಿ.ವಿಗೂ ಬೇಡವಾಗಿತ್ತು.

ಷಿಕಾಗೊ ಸೀಮೆಯಲ್ಲಿ ಈ ಅಂಕಣ ಓದುವವರಿಗೊಂದು ಮಾತು. ನಗರದ ಗಡಿಯೊಳಗೆ ಒಂಟಿಯಾಗಿರುವ ಹಿರಿಯರ ಬಗ್ಗೆ ಚಿಂತೆಯಿದ್ದರೆ 311ಕ್ಕೆ ಫೋನ್ ಮಾಡಿ, ಯಾರಾದರೂ ಹೋಗಿ ನೋಡಿಬರಲಿ ಎಂದು ಕೇಳಬಹುದು. ಪ್ರಾಣಾಪಾಯವಿದ್ದರೆ 911. ಮಿಷಿಗನ್‌ನಲ್ಲಿ ಬಾಡಿಗೆ, ಕರೆಂಟು ಬಿಲ್ಲು, ಊಟದ ತೊಂದರೆ ಇರುವವರಿಗೆ ಸಹಾಯದ ದಾರಿ ತೋರಿಸುವ ನಂಬರು 211. ನಿಮ್ಮ ಗುಂಪಿನಲ್ಲಿ ಇವತ್ತು ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಮೂರು ನಂಬರು ಮಾಡಿ.