ಹುಳುಮನೆಯಲ್ಲಿ ಮೈದುಂಬುವ ಹೊತ್ತು

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ, ನಾಲ್ಕನೇ ಜ್ವರ (ಪೊರೆ ಕಳಚುವ ಉಪವಾಸ) ಎದ್ದ ರೇಷ್ಮೆಹುಳುಗಳಿಗೆ ರಾತ್ರಿಯ ಸೊಪ್ಪು ಹಾಕಿ ಮನೆಮಂದಿ ಹಿಂದೆ ಸರಿದ ಸ್ವಲ್ಪ ಹೊತ್ತಿಗೆ, ಹುಳುಮನೆಯೊಳಗೆ ಸಣ್ಣಗೆ ಮಳೆ ಹಿಡಿದಂತೆ ಒಂದು ಸದ್ದು ಏಳುತ್ತದೆ. ಸಾವಿರಾರು ಪುಟ್ಟ ಬಾಯಿಗಳು ಹಿಪ್ಪುನೇರಳೆ ಎಲೆಯ ಅಂಚು ಕತ್ತರಿಸುವ ಸದ್ದದು ಎಂದು ಗೊತ್ತಿದ್ದರೂ, ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಪಿನಾಕಿನಿ ನದಿಗಳು ವರ್ಷದ ಬಹುಪಾಲು ಮರಳಾಗಿ ಮಲಗುವ, ಕೊಳವೆಬಾವಿಯ ಆಳವನ್ನೇ ನಂಬಿದ ಈ ಸೀಮೆಯಲ್ಲಿ, ಕಿವಿ ಮತ್ತೆ ಮತ್ತೆ ಆಕಾಶದ ಕಡೆಗೇ ಹೋಗುತ್ತದೆ.

ಮೊಟ್ಟೆಯೊಡೆದ ದಿನ ಆ ಹುಳು ಹೆಚ್ಚೆಂದರೆ ಅರ್ಧ ಮಿಲಿಗ್ರಾಂ ತೂಗುವ ಕಪ್ಪನೆಯ ಎಳೆ. ಎಳೆಸೊಪ್ಪಿನ ಸಣ್ಣ ಚೂರುಗಳಿಂದ ತೊಡಗಿ, ಸುಮಾರು 25 ದಿನಗಳಲ್ಲಿ ಅದರ ತೂಕ 10,000 ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಈ ಏರಿಕೆಯ ನಡುವೆ ನಾಲ್ಕು ಉಪವಾಸಗಳಿವೆ, ನನ್ನನ್ನು ಹಿಡಿದು ನಿಲ್ಲಿಸುವುದು ಅವೇ: ಒಳಗಿನ ಮೈ ಬೆಳೆದು ಹೊರಗಿನ ಚರ್ಮ ಸಾಲದೆ ಬಿಗಿದಾಗ, ಹುಳು ಎಲೆಯನ್ನು ಮರೆತು, ತಲೆಯನ್ನು ಮೇಲೆತ್ತಿ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅಲುಗದೆ ಕೂರುತ್ತದೆ, ಜ್ವರಕ್ಕೆ ಕೂತಿದೆ ಎನ್ನುತ್ತಾರೆ ರೈತರು, ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಕದಲಿಸುವುದಿಲ್ಲ, ಹಾಸು ಒಣಗಿರಲೆಂದು ತೆಳುವಾಗಿ ಸುಣ್ಣದ ಪುಡಿ ಉದುರಿಸಿ ಕಾಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದೇ ಒಳಗೆ ಬರಬೇಕು. ರೋಗ ಹರಡದಿರಲೆಂದು ಹುಟ್ಟಿದ ಈ ಮಡಿಯಲ್ಲಿ, ಹೊಸಿಲು ದಾಟುವಾಗ ತಲೆ ತಾನಾಗಿ ಬಾಗುತ್ತದೆ.

ಕೊನೆಯ ಜ್ವರ ಎದ್ದ ಮೇಲಿನ ಒಂದು ವಾರವಂತೂ ತಡೆಯಿಲ್ಲದ ಹಸಿವು. ಇಡೀ ಬಾಳಿನ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ, ಎಲೆಯೊಳಗಿನ ನೀರು, ಬೇರು ಹುಡುಕಿ ತಂದ ಮಣ್ಣಿನ ಸಾರ, ಬಿಸಿಲು, ಎಲ್ಲವೂ ಆ ಮೈಯೊಳಗೆ ಇಳಿದು ರೇಷ್ಮೆಯ ಗ್ರಂಥಿಗಳಲ್ಲಿ ದ್ರವವಾಗಿ ತುಂಬುತ್ತದೆ. ಆಮೇಲೊಂದು ದಿನ ಬಾಯಿ ನಿಂತು, ಬಿಳಿಯ ಮೈ ಬೆಳಕು ಹಾಯುವಷ್ಟು ತಿಳಿಯಾಗಿ, ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಅದು ತಲೆಯನ್ನು ಎಡಬಲ ತೂಗುತ್ತ, ಎರಡು ಮೂರು ದಿನ ಬಿಡದೆ, ಕೂಡಿಟ್ಟದ್ದನ್ನೆಲ್ಲ ಒಂದೇ ಎಳೆಯಾಗಿ ಬಿಟ್ಟುಕೊಡುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಆ ಎಳೆ ಒಂದು ಕಿಲೋಮೀಟರಿನಷ್ಟು ಉದ್ದ.

ಮುಂದೆ ಆ ಗೂಡಿನಿಂದ ಹುಟ್ಟಬೇಕಾದ ಚಿಟ್ಟೆ ಏನನ್ನೂ ತಿನ್ನದು. ಹಾರಾಟವೇ ಇಲ್ಲದ ಅದರ ಕೆಲವೇ ದಿನಗಳ ಬಾಳಿಗೂ ಬುತ್ತಿ ಹುಳು ತಿಂದ ಈ ಸೊಪ್ಪೇ. ನೂಲು ಬಿಚ್ಚುವ ಗೂಡಿನಲ್ಲಿ ಆ ಚಿಟ್ಟೆ ಹುಟ್ಟುವುದೇ ಇಲ್ಲ, ಕುದಿನೀರು ಅದಕ್ಕೂ ಮೊದಲೇ ತಲುಪುತ್ತದೆ, ಈ ಮಾತು ಬರೆಯುವಾಗ ನನ್ನ ಕೈ ತಡೆಯುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಆ ತೂಕದಲ್ಲಿ ರೇಷ್ಮೆಯ ಪಾಲು ಐದರಲ್ಲೊಂದರ ಆಸುಪಾಸು, ಉಳಿದದ್ದೆಲ್ಲ ಒಳಗಿರುವ ಜೀವ.