ದೈವ, ಪುರುಷಕಾರ ಮತ್ತು ಮಕ್ಕಳ ಸುರಕ್ಷತೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತಾಗ, ಇಂಥ ದುರಂತಗಳ ಮುಂದೆ ಸಾಮಾನ್ಯವಾಗಿ ಕೇಳಿಬರುವ ‘ಹಣೆಬರಹ’ ಎಂಬ ಸಮಾಧಾನವು ಎಷ್ಟರಮಟ್ಟಿಗೆ ಧರ್ಮಸಮ್ಮತ ಎಂಬ ಪ್ರಶ್ನೆ ತೀಕ್ಷ್ಣವಾಗಿ ಎದುರಾಯಿತು. ಭಾರತೀಯ ಚಿಂತನೆಯಲ್ಲಿ ದೈವ, ಅಂದರೆ ಪೂರ್ವಕರ್ಮದ ಫಲವಾಗಿ ಒದಗಿಬರುವುದು, ಮತ್ತು ಪುರುಷಕಾರ, ಅಂದರೆ ಮನುಷ್ಯನು ಈಗ ಮಾಡಬಲ್ಲ ಪ್ರಯತ್ನ, ಇವೆರಡರ ಬಲಾಬಲದ ಚರ್ಚೆ ಬಹಳ ಹಳೆಯದು. ಯೋಗವಾಸಿಷ್ಠದ ಮುಮುಕ್ಷು ಪ್ರಕರಣವಂತೂ ದೈವವೆಂಬುದು ಹಿಂದಿನ ಪ್ರಯತ್ನವೇ ಹೊರತು ಬೇರೆಯಲ್ಲವೆಂದು ವಾದಿಸಿ, ಇಂದಿನ ಪೌರುಷವು ಅದನ್ನು ಮೀರಬಲ್ಲದೆಂದು ಹೇಳುತ್ತದೆ. ಈ ನಿಲುವನ್ನು ಒಪ್ಪಿದರೆ, ಚಾವಣಿಗೆ ಗರಿ ಹೊದಿಸಿದ್ದು, ಅದರ ಹತ್ತಿರದಲ್ಲೇ ಒಲೆ ಉರಿಸಿದ್ದು, ನೂರಾರು ಮಕ್ಕಳಿಗೆ ಇಕ್ಕಟ್ಟಾದ ಮೆಟ್ಟಿಲನ್ನಷ್ಟೇ ಬಿಟ್ಟದ್ದು ದೈವದ ಲೆಕ್ಕಕ್ಕೆ ಸೇರುವುದಿಲ್ಲ. ಅವು ಹಿರಿಯರ ಆಯ್ಕೆಗಳು, ಫಲ ಉಂಡವರು ಮಾತ್ರ ಮಕ್ಕಳು. ಮಗುವಿನ ಸಾವಿಗೆ ಅದರದೇ ಪೂರ್ವಕರ್ಮವನ್ನು ಕಾರಣವಾಗಿ ತೋರಿಸುವ ಮಾತು ಶೋಕದಲ್ಲಿರುವ ತಾಯಿಯ ಬಾಯಿಂದ ಬಂದರೆ ಕ್ಷಮ್ಯ, ಹೊಣೆ ಹೊತ್ತವರ ಬಾಯಿಂದ ಬಂದರೆ ಅಧರ್ಮ.

ಶಿಕ್ಷಣದ ಮೂಲಭೂತ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ನೀಡಿದ ತೀರ್ಪು ಇದೇ ಹೊಣೆಯ ಕಾನೂನುರೂಪ. ಆದರೂ ಕೆಡುಕನ್ನು ಮುಂದಾಗಿ ನೆನೆಯುವುದೇ ಅಪಶಕುನವೆಂದು ಹಿಂಜರಿಯುವ ಮನೆಗಳಿವೆ. ಯಾವ ಕಾರ್ಯಕ್ಕೂ ಮೊದಲು ವಿಘ್ನೇಶ್ವರನನ್ನು ಪೂಜಿಸುವ ಸಂಪ್ರದಾಯವಾದರೋ ವಿಘ್ನ ಬರಬಹುದೆಂಬುದನ್ನು ಒಪ್ಪಿಕೊಂಡೇ ಹುಟ್ಟಿದ್ದು. ಅಣಕು ಕಾರ್ಯಾಚರಣೆಗೂ, ಅಂದರೆ ಅಪಾಯ ಬಂದಿದೆಯೆಂದು ಭಾವಿಸಿ ನಡೆಸುವ ಅಭ್ಯಾಸಕ್ಕೂ, ಅದೇ ಎಚ್ಚರ ಆಧಾರ: ಗಂಟೆ ಬಾರಿಸಿದೊಡನೆ ಮಕ್ಕಳು ಯಾವ ಬಾಗಿಲಿಂದ ಹೊರಟು ಮೈದಾನದ ಯಾವ ಮೂಲೆಯಲ್ಲಿ ಸೇರಬೇಕೆಂಬುದು ರೂಢಿಯಾಗಿರಬೇಕು, ಶಿಕ್ಷಕರು ಅಲ್ಲಿ ಹಾಜರಿ ಕರೆಯಬೇಕು, ತಂದೆತಾಯಿಗಳಿಗೂ ಆ ಮೂಲೆ ಮೊದಲೇ ಗೊತ್ತಿರಬೇಕು.