ನೊಂದಿದ್ದು ಪ್ರೀತಿಯೋ, ಅಹಂಕಾರವೋ?

ವಾಕ್ಯಭಾಗ: ಹೋಶೇಯ 3:1-3, ಮತ್ತಾಯ 1:18-19

ಇವತ್ತಿನ ವಿಷಯ ಸ್ವಲ್ಪ ಕಷ್ಟದ್ದು. ಮದುವೆಗೆ ಮುಂಚಿನ ಪರಿಶುದ್ಧತೆ ಬಗ್ಗೆ ಸಭೆಯಲ್ಲಿ ಎಷ್ಟೋ ಸಲ ಮಾತಾಡ್ತೀವಿ. ಮದುವೆಯಾದ ಮೇಲೆ ಒಬ್ಬರು ಮೋಸ ಮಾಡಿದ್ರೆ ಇನ್ನೊಬ್ಬರು ಏನು ಮಾಡ್ಬೇಕು ಅನ್ನೋದನ್ನ ಮಾತ್ರ ಮುಟ್ಟೋದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರಿ ಅಳ್ತಾ ನನ್ನ ಹತ್ತಿರ ಬಂದ್ರು. ಗಂಡನಿಗೆ ಬೇರೆ ಸಂಬಂಧ ಇರೋದು ಅವರಿಗೆ ಗೊತ್ತಾಗಿತ್ತು. ನಾನು ಬೈಬಲ್ ಕಾಲೇಜ್ ಮುಗಿಸಿದ ಹೊಸತು. ಹೋಶೇಯನ ಪುಸ್ತಕ ತೆರೆದು, "ಕ್ಷಮಿಸಿಬಿಡಿ ಸಿಸ್ಟರ್, ಹೊರಗೆ ಯಾರಿಗೂ ಹೇಳ್ಬೇಡಿ" ಅಂದೆ. ಅವರು ತಲೆಯಾಡಿಸಿ ಹೋದ್ರು, ಮತ್ತೆ ಸಭೆಗೆ ಬರಲಿಲ್ಲ. ಅವತ್ತು ನಾನು ಕಾಪಾಡೋಕೆ ಹೊರಟಿದ್ದು ನಮ್ಮ ಸಭೆಯ ಹೆಸರನ್ನ. ಅದು ನನ್ನ ಅಹಂಕಾರ. ಅದಕ್ಕೆ ಕ್ಷಮೆ ಅನ್ನೋ ಬಟ್ಟೆ ತೊಡಿಸಿದ್ದೆ ಅಷ್ಟೇ.

ಅಹಂಕಾರದ ಕೆಲಸ ಕಾನೂನಿನಲ್ಲೂ ಕಾಣುತ್ತೆ. 1860ರ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ ಪ್ರಕಾರ ವ್ಯಭಿಚಾರದಿಂದ ಅನ್ಯಾಯವಾಗಿದ್ದು ಗಂಡನಿಗೆ. ಅವನೇ ಒಪ್ಪಿದ್ರೆ ಅಪರಾಧವೇ ಇಲ್ಲ! ಮೋಸಹೋದ ಹೆಂಡತಿಗೆ ಅದರಲ್ಲಿ ಜಾಗವೇ ಇರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಕ್ರೈಸ್ತರಿಗೆ ಅನ್ವಯಿಸೋ 1869ರ ವಿಚ್ಛೇದನ ಕಾಯ್ದೆಯಲ್ಲೂ ಹೆಂಡತಿಯ ವ್ಯಭಿಚಾರ ಒಂದೇ ಗಂಡನಿಗೆ ಸಾಕಾಗಿತ್ತು. ಗಂಡನದ್ದಾದ್ರೆ ಹೆಂಡತಿ ಅದರ ಜೊತೆ ಕ್ರೌರ್ಯದಂಥ ಇನ್ನೊಂದು ಕಾರಣವನ್ನೂ ತೋರಿಸ್ಬೇಕಿತ್ತು. 2001ರ ತಿದ್ದುಪಡಿ ತನಕ ಹಾಗೇ ನಡೀತು. "ನನ್ನ ಸೊತ್ತನ್ನ ಇನ್ನೊಬ್ಬ ಮುಟ್ಟಿದ" ಅನ್ನೋ ನೋವಿಗೆ ಮಾಡಿದ ಕಾನೂನುಗಳು ಇವು.

ಈಗ ಯೋಸೇಫನನ್ನ ನೋಡಿ. ದೇವದೂತ ಕನಸಿನಲ್ಲಿ ಬರೋ ಮುಂಚೆ ಅವನಿಗೆ ಗೊತ್ತಿದ್ದಿದ್ದು ಒಂದೇ, ಮರಿಯಳ ಹೊಟ್ಟೆಯಲ್ಲಿರೋ ಮಗು ತನ್ನದಲ್ಲ. ಆದರೂ ಅವಳ ಮಾನ ಬೀದಿಗೆ ತರಲಿಲ್ಲ, ಗುಟ್ಟಾಗಿ ಬಿಡೋಣ ಅಂದುಕೊಂಡ. ಗಮನಿಸಿ, ಅವನು ಬಿಡೋ ತೀರ್ಮಾನ ಮಾಡಿದ್ದ. ಅಂಥವನನ್ನೇ ಸತ್ಯವೇದ ನೀತಿವಂತ ಅನ್ನುತ್ತೆ.

ಹೋಶೇಯ ಹೆಂಡತಿಯನ್ನ ವಾಪಸ್ ಕರೆತಂದ. ಅದಕ್ಕೆ 15 ಶೆಕೆಲ್ ಬೆಳ್ಳಿ, ಜೊತೆಗೆ ಜವೆಗೋಧಿ ಕೊಟ್ಟ. ತನ್ನವಳಿಗೆ ತಾನೇ ಬೆಲೆ ತೆರೋದು ಎಂಥಾ ಅವಮಾನ! ಆದರೆ ಏನೂ ಆಗಿಲ್ಲ ಅನ್ನೋ ಹಾಗೆ ಕರೆತರಲಿಲ್ಲ. ಇನ್ನು ಬೇರೆಯವರ ಹತ್ತಿರ ಹೋಗಬಾರದು ಅಂತ ಸ್ಪಷ್ಟವಾಗಿ ಹೇಳಿದ, ತಾನೂ ಅವಳಿಗೆ ಬದ್ಧನಾದ. ಇನ್ನೊಂದು ಮಾತು, ಹೋಶೇಯನಿಗೆ ಹೋಗು ಅಂದಿದ್ದು ದೇವರು. ಪಾಸ್ಟರ್ ಅಲ್ಲ.

ಒಬ್ಬ ಬಿಡೋಕೆ ಹೊರಟ, ಒಬ್ಬ ಕರೆತಂದ. ಇಬ್ಬರಲ್ಲೂ ಪ್ರೀತಿ ಇತ್ತು. ಹಾಗಾದ್ರೆ ಅಹಂಕಾರ ಎಲ್ಲಿ ಸಿಕ್ಕಿಬೀಳುತ್ತೆ? ಸ್ಕ್ರೀನ್‌ಶಾಟ್‌ಗಳನ್ನ ಫ್ಯಾಮಿಲಿ ಗ್ರೂಪ್‌ಗೆ ಕಳಿಸೋ ಬೆರಳಿನಲ್ಲಿ. ಜನ ಏನಂತಾರೋ ಅಂತ ಸುಮ್ಮನಿರೋ ಬಾಯಲ್ಲಿ. "ಕ್ಷಮಿಸಿದ್ದೀನಿ" ಅಂದು, ಪ್ರತಿ ಜಗಳದಲ್ಲೂ ಹಳೇ ಲೆಕ್ಕ ತೆಗೆಯೋ ಮನಸ್ಸಿನಲ್ಲಿ. ಅಹಂಕಾರಕ್ಕೆ ಎದುರಿನವರು ಸೋಲ್ಬೇಕು. ಪ್ರೀತಿಗೆ ಸತ್ಯ ಬೇಕು, ಪಶ್ಚಾತ್ತಾಪ ಬೇಕು, ಅದು ನಿಜವೋ ಅಂತ ನೋಡೋಕೆ ಸಮಯ ಬೇಕು.

ಕೋಪ ಬರೋದು ಪಾಪ ಅಂತ ನಾನು ಹೇಳ್ತಿಲ್ಲ. ಪ್ರೀತಿಸಿದವರಿಗೇ ಅಷ್ಟು ನೋವಾಗೋದು. ಮನೆಯಲ್ಲಿ ಹೊಡೆತ ಇದ್ರೆ, ಬೆದರಿಕೆ ಇದ್ರೆ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಪ್ರಾರ್ಥನೆಯನ್ನ ಅಲ್ಲಿಂದಲೂ ಮಾಡಬಹುದು.

ಆ ಸಹೋದರಿ ಇದನ್ನ ಓದ್ತಿದ್ರೆ, ನನ್ನನ್ನ ಕ್ಷಮಿಸಿ. ಅವತ್ತು ನಿಮ್ಮ ಮಾತು ಪೂರ್ತಿ ಕೇಳ್ಬೇಕಿತ್ತು.

ಬನ್ನಿ, ಪ್ರಾರ್ಥಿಸೋಣ.